ಓದಲು ಬಾರದ ಭಾಷೆಯ ವಿಡಿಯೋ ಗೇಮ್: ತರಿಸುವ ಮುನ್ನ ತಿಳಿದಿರಬೇಕಾದದ್ದು

2025ರ ಜೂನ್ 5ರಂದು ನಿಂಟೆಂಡೊ ಕಂಪನಿಯ ಸ್ವಿಚ್ 2 ಕನ್ಸೋಲ್ (ವಿಡಿಯೋ ಗೇಮ್ ಆಡುವ ಯಂತ್ರ) ಮಾರುಕಟ್ಟೆಗೆ ಬಂದಾಗ ಜಪಾನಿನಲ್ಲಿ ಅದಕ್ಕೆ ಎರಡು ಬೆಲೆಗಳಿದ್ದವು. ಹಲವು ಭಾಷೆಗಳಿರುವ ಮಾದರಿಗೆ 69,980 ಯೆನ್, ಜಪಾನೀ ಭಾಷೆ ಮಾತ್ರ ಇರುವ ಮಾದರಿಗೆ 49,980 ಯೆನ್. ಭಾಷೆಯೊಂದರ ಕಾರಣಕ್ಕೆ 20,000 ಯೆನ್ ವ್ಯತ್ಯಾಸ. ಅದೇ ವರ್ಷದ ನವೆಂಬರ್‌ನಲ್ಲಿ ಸೋನಿಯೂ ಪ್ಲೇಸ್ಟೇಷನ್ 5ರ ಡಿಸ್ಕ್ ಇಲ್ಲದ ಮಾದರಿಯೊಂದನ್ನು ಜಪಾನೀ ಭಾಷೆಗೆ ಮಾತ್ರ ಸೀಮಿತಗೊಳಿಸಿ 55,000 ಯೆನ್‌ಗೆ ಮಾರಲು ಶುರುಮಾಡಿತು.

ಕೆಲವೇ ಹವ್ಯಾಸಿಗಳ ನಡುವೆ ಓಡಾಡುತ್ತಿದ್ದ ಒಂದು ಪ್ರಶ್ನೆ ಇದರಿಂದ ಸಾಮಾನ್ಯ ಆಟಗಾರರಿಗೂ ಎದುರಾಗಿದೆ. ಒಂದಕ್ಷರವೂ ಓದಲು ಬಾರದ ಭಾಷೆಯ ಗೇಮ್ ತರಿಸಿಕೊಂಡರೆ ಆಡಲು ಆಗುತ್ತದೆಯೇ? ಕೆಲವು ಗೇಮ್‌ಗಳನ್ನು ಅಡ್ಡಿಯಿಲ್ಲದೆ ಕೊನೆಯವರೆಗೆ ಆಡಬಹುದು. ಕೆಲವು ಮೊದಲ ಪರದೆಯಲ್ಲೇ ನಿಂತುಬಿಡುತ್ತವೆ. ಯಾವುದು ಯಾವ ಗುಂಪಿಗೆ ಸೇರಿದ್ದು ಎಂದು ದುಡ್ಡು ಕೊಡುವ ಮೊದಲೇ ಬಹುಮಟ್ಟಿಗೆ ಹೇಳಬಹುದು. ಅದಕ್ಕೆ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು: ಈ ಗೇಮ್ ನನ್ನ ಯಂತ್ರದಲ್ಲಿ ಓಡುತ್ತದೆಯೇ? ಓಡಿದರೆ, ಅದು ನನ್ನಿಂದ ಎಷ್ಟು ಓದನ್ನು ಬಯಸುತ್ತದೆ? ಇವೆರಡನ್ನೂ ಬೆರೆಸಿ ಯೋಚಿಸುವುದರಿಂದಲೇ ಹೆಚ್ಚಿನವರು ಎಡವುತ್ತಾರೆ.

ಬೇರೆ ಭಾಷೆಗಳ ಗೇಮ್‌ಗಳನ್ನೂ ಜನ ತರಿಸುತ್ತಾರೆ. ಆದರೆ ಈ ಹವ್ಯಾಸದ ದೊಡ್ಡ ಪಾಲು ಜಪಾನಿನದು. ಹಾಗಾಗಿ ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಅಲ್ಲಿಂದಲೇ ಬಂದಿವೆ.

## ತರಿಸುವುದಾದರೂ ಏಕೆ?

ಎಷ್ಟೋ ಗೇಮ್‌ಗಳು ಹುಟ್ಟಿದ ದೇಶವನ್ನು ದಾಟಿ ಹೊರಬರುವುದೇ ಇಲ್ಲ ಎಂಬುದು ಮುಖ್ಯ ಕಾರಣ. ಫೈರ್ ಎಂಬ್ಲಮ್ ಸರಣಿ ಜಪಾನಿನಲ್ಲಿ ಶುರುವಾದದ್ದು 1990ರಲ್ಲಿ. ಇಂಗ್ಲಿಷ್ ಓದುಗರಿಗೆ ಅದರ ಒಂದು ಕಂತು ಸಿಕ್ಕಿದ್ದು 2003ರಲ್ಲಿ, ಅದೂ ಏಳನೆಯದು. ಸಾವಿರಾರು ಸಂಭಾಷಣೆಗಳನ್ನು ಅನುವಾದಿಸಿ, ಪರೀಕ್ಷಿಸಿ, ಹೊಸದಾಗಿ ಮುದ್ರಿಸಿ ಮಾರುವ ಖರ್ಚು ಹುಟ್ಟುವುದಿಲ್ಲ ಎಂದು ಪ್ರಕಾಶಕರಿಗೆ ಅನಿಸಿದರೆ ಆ ಗೇಮ್ ಅಲ್ಲೇ ಉಳಿಯಿತೆಂದೇ ಅರ್ಥ. ಹಾಡು, ಕಾಮಿಕ್ಸ್ ಪಾತ್ರ, ಕ್ರೀಡಾಪಟುಗಳ ಹೆಸರು ಇವುಗಳ ಹಕ್ಕು ಒಂದೇ ದೇಶಕ್ಕೆ ಸೀಮಿತವಾಗಿದ್ದರೂ ಹೀಗೆಯೇ ಆಗುತ್ತದೆ.

ಹಳೆಯ ಟಿವಿಗಳ ಕಾಲದಲ್ಲಿ ಇನ್ನೊಂದು ಕಾರಣವೂ ಇತ್ತು. ಜಪಾನ್ ಮತ್ತು ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಬಾರಿ ಚಿತ್ರ ಮೂಡಿಸುತ್ತಿದ್ದವು. ಯುರೋಪ್ ಮತ್ತು ಏಷ್ಯಾದ ಹಲವು ಕಡೆ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಟಿವಿಗಳು 50 ಬಾರಿ. 60ರ ಲೆಕ್ಕದಲ್ಲಿ ಮಾಡಿದ ಗೇಮನ್ನು ತಿದ್ದದೆ 50ರ ಯಂತ್ರಕ್ಕೆ ಹಾಕಿದರೆ ಅದು ಆರನೇ ಒಂದು ಭಾಗದಷ್ಟು ನಿಧಾನವಾಗುತ್ತದೆ, ಸಂಗೀತವೂ ಎಳೆದಂತೆ ಕೇಳಿಸುತ್ತದೆ, ಪರದೆಯ ಮೇಲೂ ಕೆಳಗೂ ಕಪ್ಪು ಪಟ್ಟಿ ಬರುತ್ತದೆ. ಗೇಮನ್ನು ಅದರ ನಿಜವಾದ ವೇಗದಲ್ಲಿ ಆಡಬೇಕೆಂದು ಅನೇಕರು ಭಾಷೆ ಬಾರದಿದ್ದರೂ ಜಪಾನಿನ ಪ್ರತಿಯನ್ನು ತರಿಸುತ್ತಿದ್ದರು.

## ರೀಜನ್ ಲಾಕ್ ಎಂದರೇನು?

ಒಂದು ಪ್ರದೇಶದಲ್ಲಿ ಮಾರಿದ ಗೇಮ್ ಮತ್ತೊಂದು ಪ್ರದೇಶದ ಕನ್ಸೋಲ್‌ನಲ್ಲಿ ಓಡದಂತೆ ತಯಾರಕರೇ ಹಾಕುವ ತಡೆಯನ್ನು ರೀಜನ್ ಲಾಕ್ ಎನ್ನುತ್ತಾರೆ. ಒಂದೊಂದು ದೇಶದಲ್ಲಿ ಬೆಲೆ, ಬಿಡುಗಡೆಯ ದಿನ, ವಿತರಕರು ಬೇರೆಬೇರೆ ಇರುತ್ತಾರೆ. ಒಂದು ಕಡೆಯ ಸರಕು ಇನ್ನೊಂದು ಕಡೆಗೆ ಹರಿದರೆ ಈ ಏರ್ಪಾಡು ಕೆಡುತ್ತದೆ ಎಂಬುದು ಕಂಪನಿಗಳ ಲೆಕ್ಕಾಚಾರ.

ಈ ತಡೆ ಹಲವು ರೂಪಗಳಲ್ಲಿ ಬಂದಿದೆ. 1983ರಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಕಾಮ್ ಕನ್ಸೋಲ್‌ನ ಕಾರ್ಟ್ರಿಜ್‌ಗೆ, ಅಂದರೆ ಗೇಮ್ ತುಂಬಿ ಯಂತ್ರಕ್ಕೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆಗೆ, 60 ಪಿನ್‌ಗಳಿದ್ದವು. ಅದೇ ಯಂತ್ರ 1985ರಲ್ಲಿ ಬೇರೆ ಹೆಸರಿನಲ್ಲಿ ಅಮೆರಿಕಕ್ಕೆ ಹೋದಾಗ ಪಿನ್‌ಗಳು 72 ಆದವು. ಜೊತೆಗೆ ಪರವಾನಗಿ ಇಲ್ಲದ ಕಾರ್ಟ್ರಿಜ್ ಗುರುತಿಸುವ ಚಿಪ್ ಒಂದು ಸೇರಿತು. ಮುಂದಿನ ತಲೆಮಾರಿನ ಸೂಪರ್ ಫ್ಯಾಮಿಕಾಮ್‌ನದು ಇನ್ನೂ ಕುತೂಹಲದ ಸಂಗತಿ. ಅದರ ಅಮೆರಿಕದ ಯಂತ್ರದ ಬಾಯಿಯೊಳಗೆ ಇಣುಕಿದರೆ ಎರಡು ಪುಟ್ಟ ಪ್ಲಾಸ್ಟಿಕ್ ಮೊಳಕೆಗಳು ಕಾಣುತ್ತವೆ. ಅಮೆರಿಕದ ಕಾರ್ಟ್ರಿಜ್‌ನ ಬೆನ್ನಿನಲ್ಲಿ ಅವಕ್ಕೆ ಹೊಂದುವ ಎರಡು ಸಂದುಗಳಿವೆ, ಜಪಾನಿನದರಲ್ಲಿ ಇಲ್ಲ. ಒಳಗಿನ ಪಿನ್‌ಗಳೆಲ್ಲ ಒಂದೇ. ಇಕ್ಕಳದಿಂದ ಆ ಎರಡು ಮೊಳಕೆಗಳನ್ನು ಮುರಿದು ತೆಗೆದರೆ ಜಪಾನಿನ ಗೇಮ್ ನೆಟ್ಟಗೆ ಓಡುತ್ತದೆ. ಯುರೋಪಿನ ಯಂತ್ರದಲ್ಲಿ ಇದಕ್ಕೆ ತದ್ವಿರುದ್ಧ: ಕಾರ್ಟ್ರಿಜ್ ಸಲೀಸಾಗಿ ಕೂರುತ್ತದೆ, ಒಳಗಿನ ಚಿಪ್ ಮಾತ್ರ ಒಪ್ಪುವುದಿಲ್ಲ.

ಡಿಸ್ಕ್ ಕಾಲ ಬಂದಾಗ ತಡೆ ಕಣ್ಣಿಗೆ ಕಾಣದಂತಾಯಿತು. 1994ರ ಮೊದಲ ಪ್ಲೇಸ್ಟೇಷನ್ ಯಂತ್ರವು ಡಿಸ್ಕಿನ ಗೆರೆಯಲ್ಲೇ ಅಡಗಿಸಿಟ್ಟ ಪ್ರದೇಶದ ಗುರುತನ್ನು ಓದಿ, ಹೊಂದದಿದ್ದರೆ ನಿರಾಕರಿಸುತ್ತಿತ್ತು.

ಕೈಯಲ್ಲಿ ಹಿಡಿದು ಆಡುವ ಯಂತ್ರಗಳ ಕಥೆ ಬಹುಕಾಲ ಬೇರೆಯೇ ಆಗಿತ್ತು. ಗೇಮ್ ಬಾಯ್, ಗೇಮ್ ಬಾಯ್ ಅಡ್ವಾನ್ಸ್, ಮೊದಲ ನಿಂಟೆಂಡೊ ಡಿಎಸ್ ಯಾವುದಕ್ಕೂ ತಡೆ ಇರಲಿಲ್ಲ. 2011ರ ನಿಂಟೆಂಡೊ 3ಡಿಎಸ್‌ಗೆ ತಡೆ ಬಂತು. 2017ರ ಸ್ವಿಚ್‌ನಲ್ಲಿ ಅದು ಹೋಯಿತು. ಪ್ಲೇಸ್ಟೇಷನ್ 4 ಮತ್ತು 5, ಎಕ್ಸ್‌ಬಾಕ್ಸ್ ಒನ್ ಇವುಗಳಲ್ಲೂ ಗೇಮ್ ಡಿಸ್ಕ್‌ಗಳಿಗೆ ರೀಜನ್ ಲಾಕ್ ಇಲ್ಲ. ಅಂದರೆ ಈಚಿನ ಯಂತ್ರಗಳ ಮಟ್ಟಿಗೆ ‘ಓಡುತ್ತದೆಯೇ’ ಎಂಬ ಪ್ರಶ್ನೆ ಹೆಚ್ಚುಕಡಿಮೆ ಬಗೆಹರಿದಿದೆ. ಹಳೆಯ ಯಂತ್ರ ತರಿಸುವವರು ಮಾತ್ರ ವಿದ್ಯುತ್ತಿನ ವಿಷಯ ಮರೆಯಬಾರದು. ಜಪಾನಿನ ಮನೆಗಳಿಗೆ ಬರುವುದು 100 ವೋಲ್ಟ್. ಅದಕ್ಕೆಂದೇ ಮಾಡಿದ ಹಳೆಯ ಅಡಾಪ್ಟರನ್ನು 220 ಅಥವಾ 240 ವೋಲ್ಟ್ ಇರುವ ಕಡೆ ನೇರವಾಗಿ ಸಿಕ್ಕಿಸಿದರೆ ಅದು ಸುಟ್ಟುಹೋಗುತ್ತದೆ. ಅಡಾಪ್ಟರ್ ಮೇಲಿನ ಅಂಕಿ ಓದದೆ ಸ್ವಿಚ್ ಹಾಕಲೇಬೇಡಿ.

## ಖಾತೆಯ ತೊಡಕು

ಯಂತ್ರದಲ್ಲಿದ್ದ ತಡೆ ಈಗ ಖಾತೆಗೆ ಜಾರಿದೆ. ಜಪಾನೀ ಭಾಷೆಯ ಅಗ್ಗದ ಸ್ವಿಚ್ 2ಕ್ಕೆ ಜಪಾನ್ ಎಂದು ದೇಶ ನಮೂದಿಸಿದ ಖಾತೆಯನ್ನು ಮಾತ್ರ ಜೋಡಿಸಬಹುದು. ಅದರ ಮೆನುಗಳ ಭಾಷೆಯನ್ನೂ ಬದಲಾಯಿಸಲು ಬರುವುದಿಲ್ಲ. ಎಷ್ಟೋ ಗೇಮ್‌ಗಳು ಯಂತ್ರದ ಭಾಷೆ ನೋಡಿಕೊಂಡು ತಮ್ಮ ಭಾಷೆ ಆರಿಸಿಕೊಳ್ಳುತ್ತವೆ. ಆದ್ದರಿಂದ ಅಲ್ಲಿ ಉಳಿಸಿದ 20,000 ಯೆನ್ ಪ್ರತಿ ದಿನದ ಆಟದಲ್ಲೂ ತನ್ನ ಬೆಲೆ ಕೇಳುತ್ತದೆ. ಜಪಾನೀ ಓದಲು ಬಾರದವರಿಗೆ ಆ ಮಾದರಿ ಬೇಡ ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ.

ಅಂಗಡಿಯ ಡಿಸ್ಕ್ ಬಿಟ್ಟು ಡೌನ್‌ಲೋಡ್ ಮಾಡಿಕೊಳ್ಳುವವರಿಗೆ ಬೇರೆ ಕಷ್ಟಗಳಿವೆ. ನಿಂಟೆಂಡೊ ಖಾತೆಯ ದೇಶವನ್ನು ಬದಲಿಸಬಹುದು. ಪ್ಲೇಸ್ಟೇಷನ್ ಖಾತೆಯ ದೇಶವನ್ನು ಬದಲಿಸಲು ಆಗುವುದಿಲ್ಲ, ಹೊಸ ಖಾತೆಯನ್ನೇ ತೆರೆಯಬೇಕು. 2025ರ ಮಾರ್ಚ್ 25ರಿಂದ ನಿಂಟೆಂಡೊದ ಜಪಾನ್ ಆನ್‌ಲೈನ್ ಅಂಗಡಿ ಹೊರದೇಶದ ಕ್ರೆಡಿಟ್ ಕಾರ್ಡ್‌ಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿದೆ.

ಹೆಚ್ಚಿನವರಿಗೆ ತಡವಾಗಿ ಗೊತ್ತಾಗುವ ಸಂಗತಿ ಇನ್ನೊಂದಿದೆ. ಜಪಾನಿನ ಡಿಸ್ಕ್ ನಿಮ್ಮ ಯಂತ್ರದಲ್ಲಿ ಚೆನ್ನಾಗಿಯೇ ಓಡಬಹುದು. ಆಮೇಲೆ ಬರುವ ಹೆಚ್ಚುವರಿ ಅಧ್ಯಾಯ, ಹೊಸ ಪಾತ್ರ ಮುಂತಾದವನ್ನು ನಿಮ್ಮ ದೇಶದ ಅಂಗಡಿಯಿಂದ ಕೊಂಡರೆ ಅವು ಆ ಡಿಸ್ಕಿಗೆ ಹೊಂದದಿರುವ ಸಾಧ್ಯತೆ ಹೆಚ್ಚು. ಒಂದೇ ಗೇಮ್‌ನ ಎರಡು ದೇಶಗಳ ಆವೃತ್ತಿಗಳನ್ನು ಯಂತ್ರ ಎರಡು ಬೇರೆ ಗೇಮ್‌ಗಳೆಂದೇ ಎಣಿಸುತ್ತದೆ. ಒಂದರಲ್ಲಿ ಸೇವ್ ಮಾಡಿದ ಆಟ ಇನ್ನೊಂದರಲ್ಲಿ ತೆರೆಯದಿರುವುದೂ ಇದೇ ಕಾರಣಕ್ಕೆ.

## ಗೇಮ್ ಎಷ್ಟು ಓದನ್ನು ಬಯಸುತ್ತದೆ?

ಭಾಷೆ ಬರುವುದಿಲ್ಲ ಎಂಬ ಅಡ್ಡಿ ಎಲ್ಲ ಗೇಮ್‌ಗಳಿಗೂ ಒಂದೇ ಅಳತೆಯದಲ್ಲ. ಗುಂಡು ಹಾರಿಸುವ ವಿಮಾನದ ಆಟ, ಇಬ್ಬರು ಎದುರುಬದುರು ಹೊಡೆದಾಡುವ ಆಟ, ಕಾರ್ ರೇಸ್, ಬಣ್ಣದ ತುಂಡು ಜೋಡಿಸುವ ಆಟ ಇವುಗಳಲ್ಲಿ ಮಾಹಿತಿಯೆಲ್ಲ ಕಣ್ಣಿಗೇ ಕಾಣುತ್ತದೆ. ಜಪಾನೀ ಗೇಮ್‌ಗಳಲ್ಲಿ ಸ್ಟಾರ್ಟ್, ಆಪ್ಷನ್, ಗೇಮ್ ಓವರ್ ಎಂಬ ಪದಗಳೂ ಶಕ್ತಿ ತೋರಿಸುವ ಅಳತೆಗಳ ಹೆಸರುಗಳೂ ಬಹಳ ಕಾಲದಿಂದ ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತವೆ.

ಈ ಬಗೆಗೆ ಒಂದು ಒಳ್ಳೆಯ ಉದಾಹರಣೆ ಇದೆ. 2005ರಲ್ಲಿ ನಿಂಟೆಂಡೊ ಡಿಎಸ್‌ಗೆ ಬಂದ ‘ಒಸು! ತತಕಾಎ! ಓಎಂದನ್’ ಜಪಾನಿನಲ್ಲಿ ಮಾತ್ರ ಬಿಡುಗಡೆಯಾದ ಸಂಗೀತದ ಆಟ. ಕಷ್ಟದಲ್ಲಿರುವ ಯಾರೋ ಒಬ್ಬರಿಗೆ ಕರಿ ಸಮವಸ್ತ್ರದ ಹುರಿದುಂಬಿಸುವ ತಂಡವೊಂದು ಕುಣಿದು ಧೈರ್ಯ ತುಂಬುತ್ತದೆ. ಆಡುವವರು ತಾಳಕ್ಕೆ ಸರಿಯಾಗಿ ಪರದೆಯ ಮೇಲಿನ ವೃತ್ತಗಳನ್ನು ಮುಟ್ಟಬೇಕು. ಕಥೆಯೆಲ್ಲ ಕಾಮಿಕ್ಸ್ ಚಿತ್ರಗಳಲ್ಲಿ ಸಾಗುತ್ತದೆ. ಪರೀಕ್ಷೆಗೆ ಓದಲಾಗದೆ ಒದ್ದಾಡುವ ಹುಡುಗನ ಪಾಡು ಅರಿಯಲು ಜಪಾನೀ ಬರಬೇಕಾಗಿಲ್ಲ. ಡಿಎಸ್‌ಗೆ ತಡೆಯೂ ಇರದ ಕಾರಣ ಅದನ್ನು ತರಿಸಿಕೊಂಡು ಮೆಚ್ಚಿದವರು ಜಪಾನಿನ ಹೊರಗೆ ಬಹಳ ಮಂದಿ. 2006ರಲ್ಲಿ ಅದೇ ಬಗೆಯ ಆಟವನ್ನು ಹೊರದೇಶದವರಿಗೆಂದೇ ಬೇರೆ ಪಾತ್ರ, ಬೇರೆ ಹಾಡುಗಳೊಂದಿಗೆ ಹೊರತಂದರು.

ಇನ್ನೊಂದು ತುದಿಯಲ್ಲಿ ಓದದೆ ಒಂದು ಹೆಜ್ಜೆಯೂ ಇಡಲಾಗದ ಆಟಗಳಿವೆ. 1986ರಲ್ಲಿ ಫ್ಯಾಮಿಕಾಮ್‌ಗೆ ಬಂದ ಮೊದಲ ಡ್ರ್ಯಾಗನ್ ಕ್ವೆಸ್ಟ್ ನೋಡಿ. ಅದರಲ್ಲಿ ಎದುರಿಗಿರುವವರೊಡನೆ ಮಾತನಾಡಲು ಮೆನು ತೆರೆದು ‘ಮಾತಾಡು’ ಎಂಬುದನ್ನು ಆರಿಸಬೇಕು, ಆಮೇಲೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣಗಳಲ್ಲಿ ಯಾವ ಕಡೆಗೆ ಎಂದು ಹೇಳಬೇಕು. ಮೆಟ್ಟಿಲ ಮೇಲೆ ನಿಂತರೆ ಇಳಿಯುವುದಿಲ್ಲ. ‘ಮೆಟ್ಟಿಲು’ ಎಂಬ ಆಜ್ಞೆ ಕೊಡಬೇಕು. ಬಾಗಿಲಿಗೂ ಬೇರೆಯದೇ ಆಜ್ಞೆ. ಅದೂ ಸಾಲದೆಂಬಂತೆ ಆ ಕಾರ್ಟ್ರಿಜ್‌ನಲ್ಲಿ ಆಟ ಉಳಿಸಿಡುವ ಸೌಲಭ್ಯ ಇರಲಿಲ್ಲ. ರಾಜ ಹೇಳುವ 20 ಅಕ್ಷರಗಳ ಒಂದು ಮಂತ್ರವನ್ನು ಕಾಗದದ ಮೇಲೆ ಬರೆದುಕೊಂಡು, ಮಾರನೆಯ ದಿನ ಅದನ್ನೇ ಅಕ್ಷರಶಃ ತುಂಬಿದರೆ ಆಟ ಮುಂದುವರಿಯುತ್ತದೆ.

ಓದಲು ಬಾರದವರಿಗೆ ಆ 20 ಅಕ್ಷರಗಳನ್ನು ನಕಲು ಮಾಡುವುದು ಎಂಥ ಕೆಲಸ ಎಂದು ಊಹಿಸಿಕೊಳ್ಳಿ. ‘ನು’ ಮತ್ತು ‘ಮೆ’ ಅಕ್ಷರಗಳ ನಡುವೆ ಇರುವುದು ಕೊನೆಯ ಒಂದು ಸುರುಳಿಯ ವ್ಯತ್ಯಾಸ. ‘ನೆ’, ‘ರೆ’, ‘ವ’ ಮೂರೂ ಒಂದೇ ಕಂಬದ ಪಕ್ಕ ಬೇರೆಬೇರೆ ಬಾಲ ಬಿಟ್ಟ ಆಕಾರಗಳು. ಕನ್ನಡ ಹೊಸದಾಗಿ ಕಲಿಯುವವರಿಗೆ ‘ವ’, ‘ಪ’, ‘ಷ’ ಹೇಗೆ ಕಾಣುತ್ತವೋ ಇವೂ ಹಾಗೆಯೇ. ಅಕ್ಷರದ ಬಲ ಮೂಲೆಯಲ್ಲಿ ಎರಡು ಸಣ್ಣ ಗೀಟು ಬಂದರೆ ‘ಕ’ ಇದ್ದದ್ದು ‘ಗ’ ಆಗುತ್ತದೆ. ಹಳೆಯ ಟಿವಿಯ ಮಬ್ಬಿನಲ್ಲಿ ಆ ಗೀಟು ಕಣ್ತಪ್ಪಿದರೆ ಹಿಂದಿನ ದಿನದ ಆಟವೆಲ್ಲ ಹೋದಂತೆ. 1989ರಲ್ಲಿ ಅಮೆರಿಕಕ್ಕೆ ಬಂದ ಇದೇ ಗೇಮ್‌ನಲ್ಲಿ ಬ್ಯಾಟರಿಯ ನೆರವಿನಿಂದ ಸೇವ್ ಮಾಡುವ ವ್ಯವಸ್ಥೆ ಇತ್ತು.

ಈ ಎರಡು ತುದಿಗಳ ನಡುವೆ ಉಳಿದವೆಲ್ಲ ಬರುತ್ತವೆ. ಓಡಿ ಜಿಗಿಯುವ ಸಾಹಸದ ಆಟಗಳನ್ನು ಊಹೆಯಿಂದ ನಿಭಾಯಿಸಬಹುದು. ಸರದಿಯ ಪ್ರಕಾರ ಹೋರಾಡುವ ಪಾತ್ರಾಭಿನಯದ ಆಟಗಳಲ್ಲಿ ಹೋರಾಟವನ್ನು ಕಲಿಯಬಹುದು, ಆದರೆ ‘ಮುಂದೆ ಎಲ್ಲಿಗೆ ಹೋಗಬೇಕು’ ಎಂಬಲ್ಲಿ ಸಿಕ್ಕಿಬೀಳುತ್ತೇವೆ. ಪತ್ತೇದಾರಿ ಆಟ, ಕಥೆಯನ್ನೇ ಪುಟಪುಟವಾಗಿ ಓದಿಸುವ ಆಟ, ಊರು ಅಥವಾ ಕ್ರೀಡಾ ತಂಡವನ್ನು ನಡೆಸುವ ಆಟ ಇವನ್ನು ಓದಲು ಬಾರದೆ ಕೊಳ್ಳುವುದು ವ್ಯರ್ಥ. ಅಲ್ಲಿ ಓದುವುದೇ ಆಟ.

## ಅಕ್ಷರಗಳ ಭಯ ಎಷ್ಟು ನಿಜ?

ಜಪಾನೀ ಬರಹದಲ್ಲಿ ಮೂರು ಬಗೆಯ ಲಿಪಿ ಬೆರೆತಿರುತ್ತದೆ. ಹಿರಗಾನ ಮತ್ತು ಕತಕಾನ ಎಂಬ ಎರಡು ಉಚ್ಚಾರಣೆಯ ಲಿಪಿಗಳಿಗೆ ತಲಾ 46 ಮೂಲ ಅಕ್ಷರ. ಮೂರನೆಯದು ಚೀನಾದಿಂದ ಬಂದ ಕಾಂಜಿ. ಒಂದೊಂದು ಆಕಾರಕ್ಕೂ ಅರ್ಥವಿರುವ ಇವುಗಳಲ್ಲಿ ನಿತ್ಯ ಬಳಕೆಗೆಂದು ಜಪಾನ್ ಸರ್ಕಾರ ಪಟ್ಟಿ ಮಾಡಿರುವುದೇ 2,136. ಈ ಸಂಖ್ಯೆ ಕೇಳಿಯೇ ಅನೇಕರು ಕೈಬಿಡುತ್ತಾರೆ. ಗೇಮ್ ಆಡಲು ಮೊದಲು ಬೇಕಾಗುವುದು ಮಾತ್ರ ಚಿಕ್ಕ ಲಿಪಿಗಳೇ. ಹಳೆಯ ಯಂತ್ರಗಳಲ್ಲಿ ಒಂದು ಅಕ್ಷರಕ್ಕೆ ಸಿಗುತ್ತಿದ್ದ ಜಾಗ 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರ. ಹತ್ತು ಹದಿನೈದು ಗೆರೆಗಳ ಕಾಂಜಿ ಅಷ್ಟರಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಆ ಕಾಲದ ಹೆಚ್ಚಿನ ಗೇಮ್‌ಗಳಲ್ಲಿ ಕಾಂಜಿಯೇ ಇಲ್ಲ. ಮಕ್ಕಳಿಗೆಂದು ಮಾಡಿದ ಗೇಮ್‌ಗಳಲ್ಲಿ ಇಂದಿಗೂ ಕಡಿಮೆ. 2010ರ ಪೋಕೆಮಾನ್ ಗೇಮ್‌ಗಳಲ್ಲಿ ಕಾಂಜಿ ಬೇಕೋ ಬೇಡವೋ ಎಂದು ಆರಿಸುವ ಅವಕಾಶವೇ ಇದೆ.

ಕತಕಾನದ ಲಾಭವನ್ನು ಕಡೆಗಣಿಸಬೇಡಿ. ಹೊರಗಿನಿಂದ ಬಂದ ಪದಗಳನ್ನು ಬರೆಯಲು ಅದನ್ನು ಬಳಸುತ್ತಾರೆ. ಅದನ್ನು ಓದಲು ಕಲಿತರೆ ‘ಸೇಬು’ ಎಂಬುದು ಸೇವ್, ‘ಐತೆಮು’ ಎಂಬುದು ಐಟಮ್, ‘ಮೆನ್ಯೂ’ ಎಂಬುದು ಮೆನು ಎಂದು ತಾನಾಗಿ ತಿಳಿಯುತ್ತದೆ. ಗೇಮ್‌ಗಳಲ್ಲಿ ಇಂಥ ಪದಗಳು ಹೇರಳ.

ಇನ್ನು ಕನ್ನಡ ಓದುವವರಿಗೆ ಇರುವ ಅನುಕೂಲ. ಬಹಳಷ್ಟು ಗೇಮ್‌ಗಳು ಶುರುವಾಗುವುದು ನಿಮ್ಮ ಪಾತ್ರಕ್ಕೆ ಹೆಸರಿಡುವ ಪರದೆಯಿಂದ. ಪರದೆ ತುಂಬ ಅಕ್ಷರಗಳ ಚೌಕ. ಅದರ ಕ್ರಮ ಹೀಗಿದೆ: ಅ, ಇ, ಉ, ಎ, ಒ ಎಂಬ ಐದು ಸ್ವರಗಳು, ಆಮೇಲೆ ಇದೇ ಸ್ವರಗಳೊಂದಿಗೆ ಕ, ಸ, ತ, ನ, ಹ, ಮ, ಯ, ರ, ವ ಸಾಲುಗಳು. ಇದು ನಮ್ಮ ವರ್ಣಮಾಲೆಯ ಕ್ರಮವೇ. ‘ಚ’ದ ಜಾಗದಲ್ಲಿ ‘ಸ’, ‘ಪ’ದ ಜಾಗದಲ್ಲಿ ‘ಹ’ ಕೂತಿವೆ, ಅಷ್ಟೆ. ಬೌದ್ಧ ಭಿಕ್ಷುಗಳು ಸಂಸ್ಕೃತದ ಲಿಪಿ ಮತ್ತು ಉಚ್ಚಾರಣೆಯನ್ನು ಕಲಿಯುತ್ತಿದ್ದ ಕಾಲದ ಪ್ರಭಾವದಿಂದ ಜಪಾನಿನ ಅಕ್ಷರಗಳಿಗೆ ಈ ಕ್ರಮ ಬಂತು. ಕಾಗುಣಿತ ಬಾಯಿಗೆ ಬರುವವರು ಆ ಚೌಕದಲ್ಲಿ ‘ಮಿ’ ಎಲ್ಲಿದೆ ಎಂದು ಎಣಿಸಿಯೇ ಹುಡುಕಬಹುದು. ಹಲವು ಗೇಮ್‌ಗಳಲ್ಲಿ ಸಾಲುಗಳು ಬಲದಿಂದ ಎಡಕ್ಕೆ ಹೋಗುತ್ತವೆ ಎಂಬುದೊಂದು ನೆನಪಿರಲಿ.

ಹೆಸರಿಡುವುದಕ್ಕೂ ಮೊದಲು ಬರುವ ಪರದೆಯಲ್ಲಿ ಸಾಮಾನ್ಯವಾಗಿ ಎರಡು ಸಾಲುಗಳಿರುತ್ತವೆ: ‘ಹಜಿಮೆಕರ’ ಅಂದರೆ ಮೊದಲಿನಿಂದ, ‘ತ್ಸುಝುಕಿಕರ’ ಅಂದರೆ ನಿಲ್ಲಿಸಿದಲ್ಲಿಂದ. ಹಿರಗಾನದಲ್ಲಿ ಎರಡೂ ಐದೈದು ಅಕ್ಷರ, ಕೊನೆಯ ಎರಡು ಅಕ್ಷರಗಳು ಒಂದೇ. ಬೇರೆ ಮಾಡಿ ನೋಡಲು ಮೊದಲ ಎರಡು ಅಕ್ಷರಗಳನ್ನು ಗಮನಿಸಬೇಕು. ‘ತ್ಸುಝುಕಿಕರ’ದಲ್ಲಿ ಅಲೆಯಂತೆ ಬಾಗಿದ ಒಂದೇ ಆಕಾರ ಎರಡು ಸಲ ಬರುತ್ತದೆ, ಎರಡನೆಯದರ ತಲೆಯ ಮೇಲೆ ಎರಡು ಗೀಟು. ನಿಮ್ಮ ಉಳಿಸಿದ ಆಟ ಅದರ ಹಿಂದಿದೆ. ಅದನ್ನು ಬಿಟ್ಟು ಇನ್ನೊಂದನ್ನು ಒತ್ತಿ, ಹೊಸ ಆಟವನ್ನು ಹಳೆಯದರ ಮೇಲೆಯೇ ಸೇವ್ ಮಾಡಿದರೆ ವಾರಗಳ ಶ್ರಮ ಅಳಿಸಿಹೋಗುತ್ತದೆ. ಹೌದು ಎಂಬುದಕ್ಕೆ ‘ಹಾಯ್’, ಇಲ್ಲ ಎಂಬುದಕ್ಕೆ ‘ಈಎ’. ಬರಹದಲ್ಲಿ ಮೊದಲನೆಯದಕ್ಕೆ ಎರಡು ಅಕ್ಷರ, ಎರಡನೆಯದಕ್ಕೆ ಮೂರು. ಓದಲು ಬಾರದಿದ್ದರೂ ಎಣಿಸಬಹುದು. ‘ಉವಗಕಿ’ ಎಂದರೆ ಹಳೆಯದರ ಮೇಲೆ ಬರೆಯುವುದು, ‘ಸಕುಜೊ’ ಎಂದರೆ ಅಳಿಸುವುದು. ಈ ಎರಡು ಪದಗಳನ್ನು ಕಂಡಾಗ ಕೈ ತಡೆಯಬೇಕು.

ಗುಂಡಿಗಳಲ್ಲೂ ಒಂದು ಬಲೆ ಇದೆ. ಪ್ಲೇಸ್ಟೇಷನ್ 4ರವರೆಗೆ ಜಪಾನೀ ಗೇಮ್‌ಗಳಲ್ಲಿ ವೃತ್ತದ ಗುಂಡಿ ಒತ್ತಿದರೆ ಒಪ್ಪಿಗೆ, ಕತ್ತರಿ (×) ಗುರುತಿನದು ಒತ್ತಿದರೆ ರದ್ದು. ಪಶ್ಚಿಮದ ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಕತ್ತರಿಯೇ ಒಪ್ಪಿಗೆ. 2020ರ ಪ್ಲೇಸ್ಟೇಷನ್ 5ರಲ್ಲಿ ಸೋನಿ ಜಪಾನಿನಲ್ಲೂ ಕತ್ತರಿಯನ್ನೇ ಒಪ್ಪಿಗೆಯ ಗುಂಡಿ ಮಾಡಿತು. ಹಳೆಯ ಗೇಮ್‌ನಲ್ಲಿ ಅಭ್ಯಾಸಬಲದಿಂದ ಕತ್ತರಿ ಒತ್ತುತ್ತ ಹೋದರೆ ಮೆನು ಮತ್ತೆಮತ್ತೆ ಮುಚ್ಚಿಕೊಳ್ಳುತ್ತದೆ, ಗೇಮ್ ಕೆಟ್ಟಿದೆ ಎಂದೇ ಅನಿಸುತ್ತದೆ.

## ಮೊಬೈಲ್ ಕ್ಯಾಮೆರಾ ಎಷ್ಟು ನೆರವಾಗುತ್ತದೆ?

ಪರದೆಯತ್ತ ಮೊಬೈಲ್ ಹಿಡಿದರೆ ಬರಹವನ್ನು ಅಲ್ಲಿಯೇ ಅನುವಾದಿಸಿ ತೋರಿಸುವ ಸೌಲಭ್ಯ 2015ರಿಂದ ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿದೆ. ಮೆನು, ಸಾಮಾನುಗಳ ಪಟ್ಟಿ, ಅಂಗಡಿಯ ಬೆಲೆಪಟ್ಟಿ ಇಂಥ ಕಡೆ ಅದು ನಿಜಕ್ಕೂ ಉಪಕಾರಿ. ಸಂಭಾಷಣೆಗೆ ಬಂದಾಗ ಕೈಕೊಡುತ್ತದೆ, ಅದಕ್ಕೆ ಕಾರಣಗಳು ಭಾಷೆಯಲ್ಲೇ ಇವೆ.

ಜಪಾನೀ ವಾಕ್ಯದ ಕಟ್ಟು ಕನ್ನಡದಂತೆಯೇ: ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ, ನಿಷೇಧವೂ ಕೊನೆಯಲ್ಲೇ. ಗೇಮ್‌ಗಳಲ್ಲಿ ಅಕ್ಷರಗಳು ಒಂದೊಂದಾಗಿ ಮೂಡುತ್ತವೆ, ಉದ್ದ ವಾಕ್ಯ ಎರಡು ಪರದೆಗಳಿಗೆ ಹರಿಯುತ್ತದೆ. ‘ಆ ಬಾಗಿಲನ್ನು ತೆರೆಯ’ ಎಂಬಲ್ಲಿಗೆ ಕ್ಯಾಮೆರಾ ಚಿತ್ರ ಹಿಡಿದರೆ ಮುಂದೆ ‘ಬೇಕು’ ಬರುತ್ತದೋ ‘ಬೇಡ’ ಬರುತ್ತದೋ ಯಂತ್ರಕ್ಕೆ ಗೊತ್ತಿಲ್ಲ. ಅದು ಊಹಿಸುತ್ತದೆ, ಅನುಮಾನವನ್ನು ಹೊರಗೆ ತೋರಿಸುವುದಿಲ್ಲ. ವಾಕ್ಯ ಪೂರ್ತಿಯಾಗುವವರೆಗೆ ಕಾದು ಚಿತ್ರ ತೆಗೆಯುವುದು ಮೇಲು.

ಕರ್ತೃವಿನ ವಿಷಯದಲ್ಲಿ ಮಾತ್ರ ಜಪಾನೀ ಕನ್ನಡದಂತಲ್ಲ. ನಾವು ಕರ್ತೃವನ್ನು ಬಿಟ್ಟು ‘ಬಂದೆ’ ಎಂದರೂ ‘ಬಂದಳು’ ಎಂದರೂ ಯಾರು ಎಂಬುದು ಪ್ರತ್ಯಯದಲ್ಲೇ ತಿಳಿಯುತ್ತದೆ. ಜಪಾನೀ ಕ್ರಿಯಾಪದ ಎಲ್ಲರಿಗೂ ಒಂದೇ. ಕರ್ತೃವನ್ನು ಸಂದರ್ಭದಿಂದ ತಿಳಿಯಬೇಕು, ಯಂತ್ರಕ್ಕೆ ಆ ಸಂದರ್ಭ ಕಾಣುವುದಿಲ್ಲ. ರಾಜಕುಮಾರಿ ಮಾಡಿದ್ದನ್ನು ರಾಕ್ಷಸ ಮಾಡಿದನೆಂದು ಅನುವಾದ ಹೇಳಿದರೆ ಅಚ್ಚರಿಯಿಲ್ಲ. ಹಳೆಯ ಗೇಮ್‌ಗಳಲ್ಲಿ ಕಾಂಜಿ ಇಲ್ಲದಿರುವುದು ಇಲ್ಲಿ ಹೊಸ ತೊಡಕಾಗುತ್ತದೆ: ‘ಹಶಿ’ ಎಂಬುದು ಸೇತುವೆಯೋ ಊಟದ ಕಡ್ಡಿಯೋ ಎಂಬುದನ್ನು ಕಾಂಜಿ ತಿಳಿಸುತ್ತದೆ, ಬರೀ ಹಿರಗಾನ ತಿಳಿಸುವುದಿಲ್ಲ. ಚುಕ್ಕೆ ಚುಕ್ಕೆಯಾಗಿ ಮೂಡಿದ ಹಳೆಯ ಅಕ್ಷರಗಳನ್ನು ಗುರುತಿಸುವುದರಲ್ಲೇ ಕ್ಯಾಮೆರಾ ತಪ್ಪುವುದೂ ಉಂಟು.

ಇದಕ್ಕಿಂತ ನಂಬಬಹುದಾದ ನೆರವು ಮನುಷ್ಯರು ಬರೆದಿಟ್ಟ ಕೈಪಿಡಿಗಳು. 1995ರಲ್ಲಿ ಶುರುವಾದ ಗೇಮ್‌ಫ್ಯಾಕ್ಸ್ ತಾಣದಲ್ಲಿ ಜಪಾನೀ ಗೇಮ್‌ಗಳ ಮೆನುಗಳನ್ನು ಸಾಲು ಸಾಲಾಗಿ ಇಂಗ್ಲಿಷ್‌ಗೆ ತಂದ ಬರಹಗಳು ಇಂದಿಗೂ ಸಿಗುತ್ತವೆ. ಯಾವ ಪ್ರತಿಫಲವೂ ಇಲ್ಲದೆ, ತಮಗೆ ಗುರುತೂ ಇಲ್ಲದವರಿಗಾಗಿ ಅಷ್ಟು ದುಡಿದವರ ಬಗ್ಗೆ ನನಗೆ ದೊಡ್ಡ ಗೌರವವಿದೆ.

## ಅಭಿಮಾನಿಗಳ ಅನುವಾದ

ಕೆಲವರು ಕೈಪಿಡಿಗೆ ನಿಲ್ಲದೆ ಗೇಮ್‌ನೊಳಗಿನ ಬರಹವನ್ನೇ ಬದಲಿಸಿದ್ದಾರೆ. 1992ರಲ್ಲಿ ಬಂದ ಐದನೆಯ ಫೈನಲ್ ಫ್ಯಾಂಟಸಿಗೆ ಅಧಿಕೃತ ಇಂಗ್ಲಿಷ್ ರೂಪ ಸಿಕ್ಕಿದ್ದು 1999ರಲ್ಲಿ. ಅದಕ್ಕೂ ಮೊದಲೇ ಅಭಿಮಾನಿಗಳ ಇಂಗ್ಲಿಷ್ ರೂಪ ಓಡಾಡುತ್ತಿತ್ತು. 1995ರ ಸೆಯ್‌ಕೆನ್ ದೆನ್ಸೆತ್ಸು 3 ಗೇಮ್‌ಗೆ 2000ದಲ್ಲಿ ಅಭಿಮಾನಿಗಳ ಅನುವಾದ ಬಂತು, ಅಧಿಕೃತವಾದದ್ದು 2019ರಲ್ಲಿ. ಮದರ್ 3 ಗೇಮ್‌ನದು ಇನ್ನೂ ಮುಗಿಯದ ಕಥೆ: ಜಪಾನಿನಲ್ಲಿ 2006ರಲ್ಲಿ ಬಂತು, 2008ರಲ್ಲಿ ಅಭಿಮಾನಿಗಳು ಇಂಗ್ಲಿಷ್‌ಗೆ ತಂದರು, 2024ರ ಫೆಬ್ರುವರಿಯಲ್ಲಿ ನಿಂಟೆಂಡೊ ಅದನ್ನು ಸ್ವಿಚ್‌ಗೆ ಒದಗಿಸಿದಾಗಲೂ ಜಪಾನಿನವರಿಗೆ ಮಾತ್ರ, ಜಪಾನೀಯಲ್ಲಿ ಮಾತ್ರ.

ಇದು ಅನುವಾದಕನ ಕೆಲಸವಷ್ಟೇ ಅಲ್ಲ. ಜಪಾನೀಯಲ್ಲಿ ನಾಲ್ಕು ಅಕ್ಷರ ಹಿಡಿಯುವ ಮಾತಿಗೆ ಇಂಗ್ಲಿಷ್‌ನಲ್ಲಿ ಹತ್ತು ಬೇಕಾಗಬಹುದು. ಕಾರ್ಟ್ರಿಜ್‌ನಲ್ಲಿ ಪ್ರತಿ ಮಾತಿಗೂ ಇಂತಿಷ್ಟೇ ಜಾಗ, ಅದು ಎಲ್ಲಿ ಶುರುವಾಗುತ್ತದೆ ಎಂಬ ಸೂಚಿ ಬೇರೊಂದು ಕಡೆ. ಮಾತು ಉದ್ದವಾದರೆ ಸೂಚಿಗಳನ್ನೆಲ್ಲ ಹುಡುಕಿ ತಿದ್ದಬೇಕು. ಗೇಮ್‌ನ ಮೂಲ ಪ್ರೋಗ್ರಾಮ್ (ಸೋರ್ಸ್ ಕೋಡ್) ಕೈಯಲ್ಲಿಲ್ಲದೆ ಇದನ್ನೆಲ್ಲ ಹೊರಗಿನಿಂದ ಬಿಡಿಸಿ ನೋಡಿಯೇ ಮಾಡಬೇಕು. ಹೀಗೆ ಸಿದ್ಧವಾದದ್ದನ್ನು ‘ಪ್ಯಾಚ್’ ರೂಪದಲ್ಲಿ ಹಂಚುತ್ತಾರೆ. ಪ್ಯಾಚ್‌ನಲ್ಲಿ ಪೂರ್ತಿ ಗೇಮ್ ಇರುವುದಿಲ್ಲ, ಮೂಲಕ್ಕೂ ತಿದ್ದಿದ್ದಕ್ಕೂ ಇರುವ ವ್ಯತ್ಯಾಸ ಮಾತ್ರ ಇರುತ್ತದೆ. ಕೊಂಡ ಕಾರ್ಟ್ರಿಜ್‌ನಿಂದ ಸ್ವಂತಕ್ಕೆ ಪ್ರತಿ ಮಾಡಿಕೊಳ್ಳಬಹುದೇ ಎಂಬುದಕ್ಕೆ ಒಂದೊಂದು ದೇಶದ ಕಾನೂನು ಒಂದೊಂದು ರೀತಿ ಹೇಳುತ್ತದೆ. ಕೊಳ್ಳದ ಗೇಮ್‌ನ ಪ್ರತಿಯನ್ನು ಅಂತರ್ಜಾಲದಿಂದ ಇಳಿಸಿಕೊಳ್ಳುವುದು ಸಾಮಾನ್ಯವಾಗಿ ಕೃತಿಸ್ವಾಮ್ಯದ ಉಲ್ಲಂಘನೆ.

## ಕೊಳ್ಳುವಾಗ ನೋಡಬೇಕಾದದ್ದು

ಮೊದಲ ಕೆಲಸ, ಆ ಗೇಮ್‌ನಲ್ಲಿ ನಿಮಗೆ ಬರುವ ಭಾಷೆ ಈಗಾಗಲೇ ಇದೆಯೇ ಎಂದು ನೋಡುವುದು. ಸ್ವಿಚ್‌ನ ಎಷ್ಟೋ ಜಪಾನೀ ಕಾರ್ಟ್ರಿಜ್‌ಗಳ ಒಳಗೆ ಇಂಗ್ಲಿಷ್ ಸೇರಿಕೊಂಡೇ ಇರುತ್ತದೆ, ಮುಖಪುಟ ಮಾತ್ರ ಜಪಾನೀ. ಆನ್‌ಲೈನ್ ಅಂಗಡಿಯಲ್ಲಿ ಪ್ರತಿ ಗೇಮ್‌ನ ಪುಟದಲ್ಲಿ ‘ತಾಯ್‌ಓ ಗೆಂಗೊ’ ಎಂಬ ಸಾಲಿನ ಮುಂದೆ ಲಭ್ಯವಿರುವ ಭಾಷೆಗಳ ಪಟ್ಟಿ ಇರುತ್ತದೆ. ಹಾಂಕಾಂಗ್, ಸಿಂಗಪುರದಂಥ ಮಾರುಕಟ್ಟೆಗಳಿಗೆ ಮುದ್ರಿಸಿದ ಪ್ರತಿಯಲ್ಲಿ ಇಂಗ್ಲಿಷ್ ಇದ್ದು, ಜಪಾನಿನ ಪ್ರತಿಯಲ್ಲಿ ಇಲ್ಲದಿರುವುದೂ ಉಂಟು.

ಸರಣಿಯ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ. 1994ರಲ್ಲಿ ಅಮೆರಿಕದಲ್ಲಿ ಫೈನಲ್ ಫ್ಯಾಂಟಸಿ 3 ಎಂದು ಬಂದದ್ದು ಜಪಾನಿನ ಆರನೆಯದು. ನಡುವಿನವು ಅನುವಾದವಾಗದೆ ಉಳಿದಿದ್ದರಿಂದ ಸಂಖ್ಯೆ ಹೀಗೆ ಸರಿದಿತ್ತು. ಹಾಗಾಗಿ 3 ಎಂದು ಹುಡುಕಿ ಜಪಾನಿನ ಪ್ರತಿ ತರಿಸಿದರೆ ಬರುವುದು ಬೇರೆಯೇ ಗೇಮ್.

ಬಳಸಿದ ಗೇಮ್ ಕೊಳ್ಳುವಾಗ ಮಾರಾಟದ ವಿವರದಲ್ಲಿ ‘ಚೂಕೊ’ ಎಂದಿದ್ದರೆ ಬಳಸಿದ್ದು, ‘ಶಿನ್‌ಪಿನ್’ ಎಂದಿದ್ದರೆ ಹೊಸದು. ‘ಹಕೊ’ ಪೆಟ್ಟಿಗೆ, ‘ಸೆತ್ಸುಮೇಶೊ’ ಕೈಪಿಡಿ. ಚಿತ್ರಗಳಿರುವ ಕೈಪಿಡಿ ಓದಲು ಬಾರದವರಿಗೆ ಬಹಳ ಉಪಯುಕ್ತ, ಅದಿರುವ ಪ್ರತಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ‘ಜಂಕು’ ಎಂದು ನಮೂದಿಸಿದ್ದರೆ ಕೆಟ್ಟಿದೆ ಎಂದೇ ಅರ್ಥವಲ್ಲ. ಪರೀಕ್ಷಿಸಿಲ್ಲದೆ ಇರಬಹುದು, ಕೆಟ್ಟೂ ಇರಬಹುದು. ಏನಾದರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದು ಅದರ ತಾತ್ಪರ್ಯ. ಹೊರದೇಶಕ್ಕೆ ಕಳಿಸದ ಮಾರಾಟಗಾರರಿಂದ ಜಪಾನಿನ ವಿಳಾಸದಲ್ಲಿ ಪಡೆದು ಮುಂದಕ್ಕೆ ಕಳಿಸುವ ಮಧ್ಯವರ್ತಿ ಸಂಸ್ಥೆಗಳಿವೆ. ಅವರ ಶುಲ್ಕ, ಸಾಗಣೆ ವೆಚ್ಚ, ನಿಮ್ಮ ದೇಶದ ಆಮದು ಸುಂಕ ಮೂರನ್ನೂ ಕೂಡಿಸಿದ ಮೇಲೆಯೇ ಅಗ್ಗವೋ ತುಟ್ಟಿಯೋ ಎಂದು ತಿಳಿಯುವುದು.

ಹಳೆಯ ಕಾರ್ಟ್ರಿಜ್ ಆಗಿದ್ದರೆ ಕೊನೆಯದಾಗಿ ಬ್ಯಾಟರಿ. ಸೂಪರ್ ಫ್ಯಾಮಿಕಾಮ್, ಗೇಮ್ ಬಾಯ್ ಕಾಲದ ಎಷ್ಟೋ ಕಾರ್ಟ್ರಿಜ್‌ಗಳಲ್ಲಿ ಸೇವ್ ಮಾಡಿದ ಆಟವನ್ನು ಹಿಡಿದಿಡುವುದು ಒಳಗೆ ಬೆಸೆದಿರುವ ನಾಣ್ಯದಾಕಾರದ ಬ್ಯಾಟರಿ. ಅದರ ಆಯಸ್ಸು ತೀರಿದ್ದರೆ ಗೇಮ್ ಚೆನ್ನಾಗಿಯೇ ಓಡುತ್ತದೆ, ಸೇವ್ ಕೂಡ ಆಗುತ್ತದೆ, ಯಂತ್ರ ಆರಿಸಿದ ಮೇಲೆ ಮಾತ್ರ ಏನೂ ಉಳಿದಿರುವುದಿಲ್ಲ. ಪರದೆಯ ಮೇಲೆ ಅದಕ್ಕೆ ಸಂಬಂಧಪಟ್ಟ ಎಚ್ಚರಿಕೆಯೇನಾದರೂ ಬಂದರೂ ಅದು ನಿಮಗೆ ಓದಲು ಬಾರದ ಭಾಷೆಯಲ್ಲೇ ಇರುತ್ತದೆ. ಗೇಮ್ ಕೈಗೆ ಬಂದ ದಿನವೇ ಒಮ್ಮೆ ಸೇವ್ ಮಾಡಿ, ಯಂತ್ರ ಆರಿಸಿ, ಮತ್ತೆ ಹಚ್ಚಿ ‘ತ್ಸುಝುಕಿಕರ’ ಒತ್ತಿ ನೋಡಿ. ಆಟ ಸಿಗದಿದ್ದರೆ ಬ್ಯಾಟರಿಯನ್ನು ಬಿಚ್ಚಿ ಹೊಸದನ್ನು ಬೆಸೆಯಬಲ್ಲ ರಿಪೇರಿಯವರಿಗೆ ಕೊಡಬಹುದು. ಅದಕ್ಕೆ ಹಿಡಿಯುವುದು ಸ್ವಲ್ಪವೇ ಹೊತ್ತು.